ದಿವಂಗತ ಶ್ರೀ ಕೆ. ಚೆಂಗಲರಾಯ ರೆಡ್ಡಿ (1902–1976): ಜೀವನ ಮತ್ತು ಮತದಾರರ ಪಟ್ಟಿಯ ಹಿನ್ನೆಲೆ

ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಅರ್ಜಿ ಸಲ್ಲಿಸುವ ನಾಗರಿಕರು ಇಂದು ಮುಖ್ಯವಾಗಿ ತಮ್ಮ ವಯಸ್ಸಿಗೆ ಹಾಗೂ ವಾಸಸ್ಥಳಕ್ಕೆ ಸಂಬಂಧಿಸಿದ ದಾಖಲೆಗಳನ್ನು ಒದಗಿಸಬೇಕಾಗಿರುತ್ತದೆ. ಜಮೀನಿನ ಪಹಣಿಯಾಗಲಿ, ಸ್ವಂತ ಮನೆಯ ಪತ್ರವಾಗಲಿ, ತೆರಿಗೆ ಪಾವತಿಯ ರಸೀದಿಯಾಗಲಿ, ಶಾಲಾ ವಿದ್ಯಾಭ್ಯಾಸವಾಗಲಿ ಮತದಾರರಾಗಲು ಅರ್ಹತೆಯ ಷರತ್ತುಗಳಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಈ ಬದಲಾವಣೆ ನಡೆದ ಕಾಲದಲ್ಲಿ ಸಂಸ್ಥಾನದ ಆಡಳಿತವನ್ನು ವಹಿಸಿಕೊಂಡವರು ಕೋಲಾರ ಜಿಲ್ಲೆಯವರೇ ಆದ ಶ್ರೀ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಪರಿಸರ

ಶ್ರೀ ರೆಡ್ಡಿಯವರು 1902ರ ಮೇ 4ರಂದು ಕ್ಯಾಸಂಬಳ್ಳಿಯಲ್ಲಿ ಜನಿಸಿದರು. ಈ ಗ್ರಾಮವು ಅಂದಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ ಸೀಮೆಗೆ ಸೇರಿದ್ದು, ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಸಮೀಪದಲ್ಲಿದೆ. ಅವರು ಜನಿಸಿದ ವರ್ಷವೇ ಶಿವನಸಮುದ್ರದಿಂದ ಚಿನ್ನದ ಗಣಿಗಳಿಗೆ ವಿದ್ಯುತ್ ಸರಬರಾಜು ಆರಂಭವಾಯಿತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಗಣಿಗಳಿಗೆ ನೆರೆಯ ಮದ್ರಾಸ್ ಪ್ರಾಂತದ ಜಿಲ್ಲೆಗಳಿಂದ ಸಾವಿರಾರು ಕುಟುಂಬಗಳು ಕೂಲಿಗಾಗಿ ಬಂದು ನೆಲೆಸಿದವು. ಗಣಿಗಳ ಆಸುಪಾಸಿನಲ್ಲಿ ಆಂಡರ್ಸನ್‌ಪೇಟೆ ಮತ್ತು ರಾಬರ್ಟ್‌ಸನ್‌ಪೇಟೆಗಳು ಬೆಳೆದವು.

ಹೀಗೆ ಒಂದೇ ಸೀಮೆಯಲ್ಲಿ ಎರಡು ಬಗೆಯ ಜನಜೀವನವಿತ್ತು. ಒಂದು ಕಡೆ ಕೆರೆ ಬಾವಿಗಳನ್ನು ನಂಬಿದ ರೈತಾಪಿ ಗ್ರಾಮಗಳು; ಇನ್ನೊಂದು ಕಡೆ ಕಂಪನಿಯ ಲೈನ್ ಮನೆಗಳಲ್ಲಿ ವಾಸವಾಗಿದ್ದು, ತಮ್ಮದೆಂಬ ಜಮೀನಾಗಲಿ ಮನೆಯಾಗಲಿ ಇಲ್ಲದ ಕಾರ್ಮಿಕರು. ಅಂದಿನ ಮತದಾನದ ನಿಯಮಗಳನ್ನು ಅರ್ಥ ಮಾಡಿಕೊಳ್ಳಲು ಈ ವ್ಯತ್ಯಾಸವನ್ನು ಗಮನದಲ್ಲಿ ಇರಿಸಿಕೊಳ್ಳುವುದು ಅವಶ್ಯಕ.

ಅಂದಿನ ಮತದಾನದ ಅರ್ಹತೆ

ಮೈಸೂರು ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿ, ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ ಸ್ಥಾಪನೆಯಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಅಸ್ತಿತ್ವಕ್ಕೆ ಬಂದಿತು. ದೇಶೀಯ ಸಂಸ್ಥಾನಗಳಲ್ಲಿ ಮೈಸೂರು ಈ ವಿಷಯದಲ್ಲಿ ಮುಂದಿದ್ದರೂ, ಸದಸ್ಯರನ್ನು ಚುನಾಯಿಸುವ ಹಕ್ಕು ಎಲ್ಲರಿಗೂ ಇರಲಿಲ್ಲ. ನಿಗದಿತ ಮೊತ್ತದ ಭೂಕಂದಾಯ ಅಥವಾ ತೆರಿಗೆ ಕಟ್ಟುವವರು ಹಾಗೂ ನಿಗದಿತ ವಿದ್ಯಾರ್ಹತೆಯುಳ್ಳವರು ಮಾತ್ರ ಮತದಾರರಾಗುತ್ತಿದ್ದರು. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಯ ಮತದಾನಕ್ಕೆ ಮಹಿಳೆಯರಿಗಿದ್ದ ನಿರ್ಬಂಧವನ್ನು ತೆಗೆದುಹಾಕಲಾಯಿತಾದರೂ, ಆಸ್ತಿಯ ಷರತ್ತು ಹಾಗೆಯೇ ಉಳಿಯಿತು. ಇದರ ಪರಿಣಾಮವಾಗಿ, ಸಂಸ್ಥಾನದ ಬೊಕ್ಕಸಕ್ಕೆ ಗಣಿಗಳಿಂದ ದೊಡ್ಡ ವರಮಾನ ಬರುತ್ತಿದ್ದರೂ, ಆ ಚಿನ್ನವನ್ನು ತೆಗೆಯುತ್ತಿದ್ದ ಕೂಲಿಕಾರರ ಹೆಸರುಗಳು ಮತದಾರರ ಪಟ್ಟಿಯಿಂದ ಹೊರಗೆ ಉಳಿದಿದ್ದವು.

ಕಾರ್ಮಿಕರ ಹೆಸರುಗಳು ಬೇರೊಂದು ಬಗೆಯ ದಾಖಲೆಗೆ ಬೇಕಾಗಿದ್ದವು. 1930ರಲ್ಲಿ ಗಣಿ ಕಾರ್ಮಿಕರು ಬೆರಳಚ್ಚು ನೀಡಿ ನೋಂದಾಯಿಸಿಕೊಳ್ಳಬೇಕೆಂಬ ಕ್ರಮವನ್ನು ಜಾರಿಗೆ ತರಲು ಮುಂದಾದಾಗ, ಅದನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಕಾಲದಲ್ಲಿ ನೋಂದಣಿ ಎಂಬುದು ಕಾರ್ಮಿಕರ ಪಾಲಿಗೆ ಹತೋಟಿಯ ಕ್ರಮವಾಗಿತ್ತೇ ಹೊರತು ಹಕ್ಕಾಗಿರಲಿಲ್ಲ.

ಸಾರ್ವಜನಿಕ ಜೀವನ

ಕಾನೂನು ಪದವಿ ಪಡೆದ ಶ್ರೀ ರೆಡ್ಡಿಯವರು ಅದೇ 1930ರಲ್ಲಿ ಇತರ ಮುಖಂಡರೊಡನೆ ಸೇರಿ ಪ್ರಜಾಪಕ್ಷವನ್ನು ಸ್ಥಾಪಿಸಿದರು. ಗ್ರಾಮಾಂತರ ರೈತರನ್ನು ಸಂಘಟಿಸುವುದು ಮತ್ತು ಜನರಿಗೆ ಹೊಣೆಯಾದ ಜವಾಬ್ದಾರಿ ಸರ್ಕಾರವನ್ನು ಪಡೆಯುವುದು ಪಕ್ಷದ ಉದ್ದೇಶವಾಗಿತ್ತು. ಮುಂದೆ ಪ್ರಜಾಪಕ್ಷವು ಪ್ರಜಾಮಿತ್ರ ಮಂಡಳಿಯೊಂದಿಗೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು; 1937ರಲ್ಲಿ ಅದು ಕಾಂಗ್ರೆಸ್ಸಿನಲ್ಲಿ ವಿಲೀನಗೊಂಡಿತು. ಶ್ರೀಯುತರು 1937–38ರಲ್ಲಿ ಹಾಗೂ ಪುನಃ 1946–47ರಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು, ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಪೊಲೀಸರ ಗೋಲಿಬಾರು ನಡೆದು ಜನರು ಪ್ರಾಣ ಕಳೆದುಕೊಂಡರು.

1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾಗಿರಲಿಲ್ಲ. ಇದಕ್ಕಾಗಿ ಸೆಪ್ಟೆಂಬರ್‌ನಲ್ಲಿ ಆರಂಭವಾದ ಮೈಸೂರು ಚಲೋ ಚಳವಳಿಗೆ ಶ್ರೀಯುತರು ನೇತೃತ್ವ ನೀಡಿದರು. ಅಕ್ಟೋಬರ್ ತಿಂಗಳಲ್ಲಿ ಮಹಾರಾಜ ಶ್ರೀ ಜಯಚಾಮರಾಜ ಒಡೆಯರ್ ಅವರ ಸರ್ಕಾರದೊಂದಿಗೆ ಒಪ್ಪಂದವಾಯಿತು. 1947ರ ಅಕ್ಟೋಬರ್ 25ರಂದು ಶ್ರೀ ರೆಡ್ಡಿಯವರು ಮೈಸೂರಿನ ಪ್ರಥಮ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಭಾರತ ಸಂವಿಧಾನ ಸಭೆಯಲ್ಲಿಯೂ ಅವರು ಮೈಸೂರನ್ನು ಪ್ರತಿನಿಧಿಸಿದರು. 1949ರ ನವೆಂಬರ್ 25ರ ಘೋಷಣೆಯ ಮೂಲಕ ಭಾರತದ ಸಂವಿಧಾನವನ್ನು ಮೈಸೂರಿಗೂ ಅಂಗೀಕರಿಸಲಾಯಿತು. ವಿಧಾನ ಸೌಧದ ಶಂಕುಸ್ಥಾಪನೆಯು 1951ರ ಜುಲೈ 13ರಂದು ನೆರವೇರಿದ್ದು ಅವರ ಅಧಿಕಾರಾವಧಿಯಲ್ಲಿಯೇ.

ಮೊದಲ ಸಾರ್ವತ್ರಿಕ ಮತದಾರರ ಪಟ್ಟಿ

ಶ್ರೀಯುತರ ಅಧಿಕಾರಾವಧಿಯಲ್ಲಿ ಆಡಳಿತ ಯಂತ್ರವು ನಿರ್ವಹಿಸಬೇಕಾಗಿ ಬಂದ ಬಹು ದೊಡ್ಡ ಕೆಲಸಗಳಲ್ಲಿ ಮತದಾರರ ಪಟ್ಟಿಯ ತಯಾರಿಕೆಯೂ ಒಂದು. ಸಂವಿಧಾನವು ಇನ್ನೂ ಕರಡಿನ ಹಂತದಲ್ಲಿದ್ದಾಗಲೇ, 1948ರ ಮಾರ್ಚ್‌ನಲ್ಲಿ ಸಂವಿಧಾನ ಸಭೆಯ ಸಚಿವಾಲಯವು ಎಲ್ಲ ಪ್ರಾಂತ ಮತ್ತು ಸಂಸ್ಥಾನಗಳಿಗೆ ಕರಡು ಪಟ್ಟಿಗಳನ್ನು ಸಿದ್ಧಪಡಿಸಲು ಸೂಚನೆ ನೀಡಿತು. 1949ರ ಜನವರಿ 1ಕ್ಕೆ 21 ವರ್ಷ ತುಂಬಿರಬೇಕು. 1948ರ ಮಾರ್ಚ್ 31ಕ್ಕೆ ಕೊನೆಗೊಂಡ ವರ್ಷದಲ್ಲಿ ಕನಿಷ್ಠ 180 ದಿನ ಆ ಸ್ಥಳದಲ್ಲಿ ವಾಸವಾಗಿರಬೇಕು. ಆರಂಭದಲ್ಲಿ ನೀಡಿದ ಮುಖ್ಯ ಅರ್ಹತೆಗಳು ಇವೇ ಆಗಿದ್ದವು. ಅರ್ಜಿ ಬರಲೆಂದು ಕಾಯದೆ, ಸರ್ಕಾರಿ ಸಿಬ್ಬಂದಿಯೇ ಮನೆ ಮನೆಗೆ ಹೋಗಿ ಹೆಸರುಗಳನ್ನು ಬರೆದುಕೊಳ್ಳಬೇಕಾಗಿತ್ತು.

ಆಸ್ತಿಯ ಷರತ್ತು ರದ್ದಾದುದರಿಂದ ಕ್ಯಾಸಂಬಳ್ಳಿಯ ಜಮೀನುದಾರರಿಗೂ, ಅವರ ಜಮೀನಿನಲ್ಲಿ ದುಡಿಯುವ ಕೂಲಿಯವರಿಗೂ, ಗಣಿಯ ಲೈನ್ ಮನೆಯಲ್ಲಿದ್ದ ಕಾರ್ಮಿಕರಿಗೂ, ಅವರ ಪತ್ನಿಯರಿಗೂ ಒಂದೊಂದೇ ಮತ ದೊರೆಯಿತು. ಎರಡು ದಶಕಗಳ ಹಿಂದೆ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿದ್ದ ಪ್ರದೇಶದಲ್ಲಿ, ಈ ಬಾರಿ ಹೆಸರು ದಾಖಲಾಗುವುದೆಂದರೆ ಸರ್ಕಾರವನ್ನು ಆರಿಸುವ ಅಧಿಕಾರ ಪಡೆಯುವುದು ಎಂದಾಯಿತು.

ಪಟ್ಟಿಯ ತಯಾರಿಕೆ ಸುಲಭವಾಗಿರಲಿಲ್ಲ. ದೇಶದ ಹಲವು ಭಾಗಗಳಲ್ಲಿ, ವಿಶೇಷವಾಗಿ ಉತ್ತರದ ರಾಜ್ಯಗಳಲ್ಲಿ, ಅನೇಕ ಮಹಿಳೆಯರು ತಮ್ಮ ಹೆಸರನ್ನು ಹೇಳದೆ ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದರು. ಸ್ವಂತ ಹೆಸರಿಲ್ಲದ ನಮೂದನ್ನು ಚುನಾವಣಾ ಆಯೋಗವು ಒಪ್ಪಲಿಲ್ಲ. ಪರಿಣಾಮವಾಗಿ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳು ಪಟ್ಟಿಯಿಂದ ಬಿಟ್ಟುಹೋದವು. ಹಕ್ಕು ಇದ್ದರೂ ನಮೂದು ಸರಿಯಿಲ್ಲದಿದ್ದರೆ ಮತ ನೀಡಲು ಸಾಧ್ಯವಿಲ್ಲ ಎಂಬುದು ಮೊದಲ ಚುನಾವಣೆಯಲ್ಲಿಯೇ ಸ್ಪಷ್ಟವಾಯಿತು.

1951–52ರ ಮೊದಲ ಸಾರ್ವತ್ರಿಕ ಚುನಾವಣೆಯ ವೇಳೆಗೆ ದೇಶದ ಮತದಾರರ ಸಂಖ್ಯೆ 17 ಕೋಟಿ ಮೀರಿತ್ತು. ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ 74 ಸ್ಥಾನಗಳಲ್ಲಿ ಶ್ರೀ ರೆಡ್ಡಿಯವರ ಪಕ್ಷವಾದ ಕಾಂಗ್ರೆಸ್ ಜಯ ಗಳಿಸಿತು. ಆದರೆ ಅವರ ಸ್ವಂತ ಸೀಮೆಗೆ ಹೊಂದಿಕೊಂಡಿದ್ದ ಕೋಲಾರ ಚಿನ್ನದ ಗಣಿ ಕ್ಷೇತ್ರದಿಂದ ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ಮುಖಂಡ ಶ್ರೀ ಕೆ.ಎಸ್. ವಾಸನ್ ಅವರು ಆಯ್ಕೆಯಾದರು. ಅಧಿಕಾರದಲ್ಲಿದ್ದ ಸರ್ಕಾರದ ಕಾಲದಲ್ಲಿ ತಯಾರಾದ ಪಟ್ಟಿಯಲ್ಲಿಯೇ ಹೆಸರು ಪಡೆದ ಮತದಾರರು ಆ ಸರ್ಕಾರದ ಪಕ್ಷವನ್ನು ಬಿಟ್ಟು ಬೇರೆಯವರನ್ನು ಆರಿಸಲು ಸ್ವತಂತ್ರರಾಗಿದ್ದರು ಎಂಬುದಕ್ಕೆ ಇದು ನಿದರ್ಶನ.

ನಂತರದ ಜೀವನ

1952ರ ಮಾರ್ಚ್ 30ರಂದು ಶ್ರೀ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ಶ್ರೀ ರೆಡ್ಡಿಯವರು ರಾಜ್ಯಸಭೆಯ ಸದಸ್ಯರಾಗಿ ಕೇಂದ್ರ ಸಚಿವ ಸಂಪುಟ ಸೇರಿ ಉತ್ಪಾದನಾ ಖಾತೆಯನ್ನು ನಿರ್ವಹಿಸಿದರು. 1957ರಲ್ಲಿ ಕೋಲಾರ ಲೋಕಸಭಾ ಕ್ಷೇತ್ರದಿಂದ ಚುನಾಯಿತರಾದರು. ಆಗ ಕೋಲಾರವು ಇಬ್ಬರು ಸದಸ್ಯರನ್ನು ಆರಿಸುವ ಕ್ಷೇತ್ರವಾಗಿತ್ತು. ಇಂತಹ ದ್ವಿಸದಸ್ಯ ಕ್ಷೇತ್ರಗಳನ್ನು 1961ರ ಕಾಯ್ದೆಯ ಮೂಲಕ ರದ್ದುಪಡಿಸಲಾಯಿತು. 1965ರಿಂದ 1971ರವರೆಗೆ ಅವರು ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು. 1976ರ ಫೆಬ್ರವರಿ 27ರಂದು ಶ್ರೀಯುತರು ನಿಧನರಾದರು.

ಅರ್ಜಿದಾರರ ಗಮನಕ್ಕೆ

ಶ್ರೀ ರೆಡ್ಡಿಯವರ ಕಾಲದಲ್ಲಿ ಆರಂಭವಾದ ವ್ಯವಸ್ಥೆಯು ಪ್ರಜಾಪ್ರಾತಿನಿಧ್ಯ ಅಧಿನಿಯಮ, 1950 ಮತ್ತು ಮತದಾರರ ನೋಂದಣಿ ನಿಯಮಗಳು, 1960ರ ಅನ್ವಯ ಮುಂದುವರಿದಿದೆ. ಮತದಾನದ ವಯಸ್ಸನ್ನು 1989ರಲ್ಲಿ 21ರಿಂದ 18 ವರ್ಷಕ್ಕೆ ಇಳಿಸಲಾಯಿತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಹೀಗೆ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ. ಹೊಸದಾಗಿ ಹೆಸರು ಸೇರಿಸಲು ನಮೂನೆ-6, ಹೆಸರು ತೆಗೆದುಹಾಕಲು ಅಥವಾ ಆಕ್ಷೇಪಿಸಲು ನಮೂನೆ-7, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ ನಮೂನೆ-8 ಸಲ್ಲಿಸತಕ್ಕದ್ದು.

ಅಧಿನಿಯಮದ 20ನೇ ಪ್ರಕರಣದ ಎರಡು ಅಂಶಗಳು ಗಣಿ ಪ್ರದೇಶದ ನಿವಾಸಿಗಳಿಗೆ ವಿಶೇಷವಾಗಿ ಸಂಬಂಧಿಸಿವೆ. ಮೊದಲನೆಯದಾಗಿ, ಒಂದು ಸ್ಥಳದಲ್ಲಿ ಮನೆ ಹೊಂದಿರುವ ಮಾತ್ರಕ್ಕೆ ಆ ವ್ಯಕ್ತಿಯನ್ನು ಅಲ್ಲಿನ ಸಾಮಾನ್ಯ ನಿವಾಸಿ ಎಂದು ಪರಿಗಣಿಸುವುದಿಲ್ಲ. ನಿಜವಾದ ವಾಸವೇ ಮುಖ್ಯ. ಆದ್ದರಿಂದ ಬಾಡಿಗೆ ಮನೆಯಲ್ಲಿ ಅಥವಾ ಗಣಿ ಕಂಪನಿಯ ಹಳೆಯ ವಸತಿಗಳಲ್ಲಿ ವಾಸವಿರುವವರು, ಮನೆ ತಮ್ಮ ಹೆಸರಿನಲ್ಲಿ ಇಲ್ಲವೆಂಬ ಕಾರಣಕ್ಕೆ ಅರ್ಜಿ ಸಲ್ಲಿಸಲು ಹಿಂಜರಿಯಬೇಕಾಗಿಲ್ಲ. ಎರಡನೆಯದಾಗಿ, ತಾತ್ಕಾಲಿಕವಾಗಿ ಊರಿನಿಂದ ಹೊರಗೆ ಹೋದವರು ಆ ಕಾರಣದಿಂದಲೇ ಸಾಮಾನ್ಯ ನಿವಾಸವನ್ನು ಕಳೆದುಕೊಳ್ಳುವುದಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆ ಮುಂತಾದ ಬಡಾವಣೆಗಳಿಂದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು ತಮ್ಮ ಊರಿನ ಪಟ್ಟಿಯಲ್ಲಿಯೇ ಮುಂದುವರಿಯಬಹುದು. ಖಾಯಂ ಆಗಿ ಬೇರೆಡೆ ನೆಲೆಸಿದವರು ಮಾತ್ರ ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಎರಡು ಕಡೆ ಹೆಸರು ಹೊಂದಿರುವಂತಿಲ್ಲ. ಸುಳ್ಳು ಘೋಷಣೆ ನೀಡುವುದು ಶಿಕ್ಷಾರ್ಹ ಅಪರಾಧವಾಗಿದೆ.

ಮತದಾರರ ನೋಂದಣಾಧಿಕಾರಿಯವರ ಆದೇಶದಿಂದ ಬಾಧಿತರಾದವರು 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಯವರಿಗೂ, ಅವರ ಆದೇಶದ ವಿರುದ್ಧ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಯವರಿಗೂ ಮೇಲ್ಮನವಿ ಸಲ್ಲಿಸಬಹುದು. ಚುನಾವಣೆ ಘೋಷಣೆಯಾದ ಮೇಲೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕ ಮುಗಿದರೆ ಆ ಚುನಾವಣೆಗಾಗಿ ಹೆಸರು ಸೇರಿಸಲು ಅವಕಾಶವಿರುವುದಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಚಲಾಯಿಸಲು ಬರುವುದಿಲ್ಲ. ಆದ್ದರಿಂದ ಸಾರ್ವಜನಿಕರು ಚುನಾವಣೆ ಬರುವವರೆಗೆ ಕಾಯದೆ, ತಮ್ಮ ಹಾಗೂ ಕುಟುಂಬದ ಸದಸ್ಯರ ಹೆಸರು, ವಯಸ್ಸು ಮತ್ತು ವಿಳಾಸಗಳ ನಮೂದನ್ನು ಮತಗಟ್ಟೆ ಮಟ್ಟದ ಅಧಿಕಾರಿಯವರಲ್ಲಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲು ಕೋರಲಾಗಿದೆ. ಮಾಹಿತಿಗಾಗಿ ಮತದಾರರ ಸಹಾಯವಾಣಿ 1950ನ್ನು ಸಂಪರ್ಕಿಸಬಹುದಾಗಿದೆ.