ಮನೆಯವರು, ಸ್ನೇಹಿತರು ಬೇಡವೆಂದರೂ ಸೈನ್ಯ ಸೇರಿದ ವಿಜ್ಞಾನಿ ಹೆನ್ರಿ ಮೋಸ್ಲಿ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಆವರ್ತ ಕೋಷ್ಟಕದ ಪಾಠ ಬಂದಾಗ ಮೆಂಡಲೀವ್ ಅವರ ನಂತರ ಮೋಸ್ಲಿ ಎಂಬ ಹೆಸರು ಬರುತ್ತದೆ. ಮಕ್ಕಳು ನಿಯಮವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆ ನಿಯಮ ಕೊಟ್ಟವರು 27ನೆಯ ವಯಸ್ಸಿಗೇ ಯುದ್ಧಭೂಮಿಯಲ್ಲಿ ಪ್ರಾಣ ಬಿಟ್ಟರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಹೆನ್ರಿ ಮೋಸ್ಲಿ ಹುಟ್ಟಿದ್ದು 1887ರ ನವೆಂಬರ್ 23ರಂದು, ಇಂಗ್ಲೆಂಡಿನ ವೇಮತ್ ಊರಿನಲ್ಲಿ. ತಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರು, ಚಾಲೆಂಜರ್ ಹಡಗಿನಲ್ಲಿ ಸಮುದ್ರ ಸಂಶೋಧನೆಗೆ ಹೋಗಿಬಂದವರು. ತಾಯಿಯ ತಂದೆ ಸಹ ಶಂಖ, ಚಿಪ್ಪುಗಳ ಬಗ್ಗೆ ಅಧ್ಯಯನ ಮಾಡಿದ ವಿದ್ವಾಂಸರು. ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿಯೇ ಸಾಕಿ ಓದಿಸಿದರು. ಹುಡುಗ ವಿದ್ಯಾರ್ಥಿವೇತನ ಪಡೆದು ಈಟನ್ ಶಾಲೆ ಸೇರಿ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದ.

1910ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಅವರ ಬಳಿ ಕೆಲಸಕ್ಕೆ ಸೇರಿದರು. ಕ್ಷ-ಕಿರಣಗಳ ಮೇಲೆ ಪ್ರಯೋಗ ಮಾಡುವ ವಿಚಾರಕ್ಕೆ ಗುರುಗಳು ಮೊದಲು ಉತ್ಸಾಹ ತೋರಲಿಲ್ಲ. ಶಿಷ್ಯ ಬಿಡಲಿಲ್ಲ. ರಾತ್ರಿಯೆಲ್ಲಾ ಪ್ರಯೋಗಾಲಯದಲ್ಲೇ ಕಳೆಯುವುದು ಅವರಿಗೆ ರೂಢಿಯಾಗಿತ್ತು.

ಆಗ ಧಾತುಗಳನ್ನು ಮುಖ್ಯವಾಗಿ ತೂಕದ ಮೇಲೆ ಜೋಡಿಸುತ್ತಿದ್ದರು. ಅಂಗಡಿಯಲ್ಲಿ ಸರಕನ್ನು ತೂಕ ನೋಡಿಯೇ ಸಾಲಿಗಿಟ್ಟರೆ ಒಂದೆರಡು ಡಬ್ಬಿ ತಪ್ಪು ಜಾಗಕ್ಕೆ ಹೋಗುತ್ತವೆ. ಇಲ್ಲಿಯೂ ಹಾಗೇ ಆಗಿತ್ತು. ಕೋಬಾಲ್ಟ್ ನಿಕಲ್‌ಗಿಂತ ತುಸು ಭಾರ, ಆದರೆ ಗುಣ ನೋಡಿದರೆ ಮೊದಲು ಬರಬೇಕಾದದ್ದು ಕೋಬಾಲ್ಟ್. 1913 ಮತ್ತು 1914ರಲ್ಲಿ ಮೋಸ್ಲಿಯವರು ಅಲ್ಯೂಮಿನಿಯಂನಿಂದ ಚಿನ್ನದವರೆಗೆ ಹಲವು ಧಾತುಗಳ ಕ್ಷ-ಕಿರಣಗಳನ್ನು ಅಳೆದು, ಪ್ರತಿ ಧಾತುವಿಗೂ ತನ್ನದೇ ಕ್ರಮಸಂಖ್ಯೆ ಇದೆ ಎಂದು ತೋರಿಸಿದರು. ಕೋಬಾಲ್ಟ್ 27, ನಿಕಲ್ 28, ಚಿನ್ನ 79. ಪಟ್ಟಿಯಲ್ಲಿ ಯಾವ ಜಾಗ ಖಾಲಿ ಇದೆ ಎಂಬುದೂ ತಿಳಿಯಿತು. ಇಷ್ಟು ಕೆಲಸಕ್ಕೆ ಹಿಡಿದದ್ದು ಒಂದು ವರ್ಷಕ್ಕಿಂತ ಹೆಚ್ಚೇನಲ್ಲ.

1914ರ ಆಗಸ್ಟ್‌ನಲ್ಲಿ ವಿಜ್ಞಾನಿಗಳ ಸಭೆಗಾಗಿ ತಾಯಿಯ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾಗಲೇ ಮಹಾಯುದ್ಧ ಆರಂಭವಾಯಿತು. ಸಭೆಯಲ್ಲಿ ಮಾತನಾಡಿ ತಡಮಾಡದೆ ಇಂಗ್ಲೆಂಡಿಗೆ ಹಿಂತಿರುಗಿದರು, ಸೈನ್ಯಕ್ಕೆ ಸೇರುವುದಕ್ಕಾಗಿ. ಮನೆಯವರು, ಸ್ನೇಹಿತರು ಬೇಡವೆಂದು ಕೇಳಿಕೊಂಡರು. ಪ್ರಯೋಗಾಲಯದಲ್ಲೇ ಇದ್ದು ದೇಶಸೇವೆ ಮಾಡಬಹುದಲ್ಲ ಎಂಬುದು ಅವರ ವಾದ. ತಪ್ಪು ವಾದವೇನಲ್ಲ. ಆದರೆ ಓರಗೆಯ ಯುವಕರೆಲ್ಲ ಹೋಗುವಾಗ ತಾನು ಹೋಗುವುದೂ ಕರ್ತವ್ಯ ಎಂದು ಅವರು ನಂಬಿದ್ದರು. ರಾಯಲ್ ಎಂಜಿನಿಯರ್ಸ್ ದಳ ಮೊದಲು ಸೇರಿಸಿಕೊಳ್ಳಲಿಲ್ಲ. ಅವರು ಎಂಜಿನಿಯರ್ ಅಲ್ಲ ಎಂಬುದೇ ಕಾರಣ. ಹಿಂದೆ ಬಿದ್ದು ಹುದ್ದೆ ಪಡೆದುಕೊಂಡರು. ಅವರನ್ನು ಸಂಶೋಧನೆಯ ಕೆಲಸಕ್ಕೆ ವಾಪಸು ಕರೆಸಲು ರುದರ್‌ಫೋರ್ಡ್ ಪ್ರಯತ್ನಿಸಿದರೂ ಫಲ ಸಿಗಲಿಲ್ಲ.

1915ರ ಬೇಸಿಗೆಯಲ್ಲಿ ಅವರ ಪಡೆ ತುರ್ಕಿಯ ಗಲಿಪೋಲಿಗೆ ಹೊರಟಿತು. ದಾರಿಯಲ್ಲಿ ಮೋಸ್ಲಿಯವರು ಉಯಿಲು ಬರೆದು, ತಮ್ಮ ಉಪಕರಣಗಳನ್ನೂ ಹಣವನ್ನೂ ಪ್ರಯೋಗ ಸಂಶೋಧನೆಗೆಂದು ರಾಯಲ್ ಸೊಸೈಟಿಗೆ ಕೊಟ್ಟರು. ಅಪಾಯ ತಿಳಿಯದೆ ಹೊರಟವರಲ್ಲ ಎಂಬುದಕ್ಕೆ ಇದೊಂದೇ ಸಾಕು. ಭಾರತದ ಸಿಖ್ಖರು, ಗೂರ್ಖಾಗಳು ಸಹ ಆ ರಣರಂಗದಲ್ಲಿ ಹೋರಾಡುತ್ತಿದ್ದರು. ಆಗಸ್ಟ್ 10ರಂದು ಟೆಲಿಫೋನಿನಲ್ಲಿ ಆದೇಶ ತಿಳಿಸುತ್ತಿದ್ದಾಗ ಗುಂಡು ತಲೆಗೆ ತಗುಲಿ ಮೋಸ್ಲಿಯವರು ಮಡಿದರು.

ಇಂಥ ಪ್ರತಿಭೆಯನ್ನು ಸಾಮಾನ್ಯ ಸೈನಿಕ ಕೆಲಸಕ್ಕೆ ಹಾಕಿದ್ದರ ಬಗ್ಗೆ ರುದರ್‌ಫೋರ್ಡ್ ನೇಚರ್ ಪತ್ರಿಕೆಯಲ್ಲಿ ನೋವಿನಿಂದ ಬರೆದರು. ವಿಜ್ಞಾನಿಗಳನ್ನು ಮುಂಚೂಣಿಗೆ ಕಳಿಸಬೇಕೇ ಎಂಬ ಮಾತು ಬಂದಾಗಲೆಲ್ಲ ಇಂದಿಗೂ ಮೊದಲು ಹೇಳುವುದು ಅವರ ಹೆಸರನ್ನೇ.

ಪಟ್ಟಿಯ ಖಾಲಿ ಜಾಗಗಳು ಒಂದೊಂದಾಗಿ ತುಂಬಿದವು: 1923ರಲ್ಲಿ 72, 1925ರಲ್ಲಿ 75, 1937ರಲ್ಲಿ 43, ಕೊನೆಗೆ 1945ರಲ್ಲಿ 61. ಮೋಸ್ಲಿಯವರಿಗೆ ಗುರುತಿಸಿದ ಸಮಾಧಿಯಿಲ್ಲ. ಗಲಿಪೋಲಿಯ ಹೆಲೆಸ್ ಸ್ಮಾರಕದಲ್ಲಿ, ಸಾವಿರಾರು ಸೈನಿಕರ ಹೆಸರುಗಳ ನಡುವೆ ಅವರದೂ ಒಂದು ಹೆಸರಿದೆ.