ಅಜ್ಜಿಯ ಮುದ್ರೆಯನ್ನು ಜಗತ್ತಿಗೆ ಹಂಚಿದ ಗಾಯಕ ಡಿಯೊ

ಹೆವಿ ಮೆಟಲ್ ಸಂಗೀತಗೋಷ್ಠಿಗಳಲ್ಲಿ ತೋರುಬೆರಳು, ಕಿರುಬೆರಳುಗಳನ್ನು ಕೊಂಬಿನಂತೆ ಎತ್ತಿ ಹಿಡಿಯುವ ಅಭಿಮಾನಿಗಳನ್ನು ಕಂಡು, ಅದು ಸೈತಾನನ ಸಂಕೇತವೆಂದು ಗಾಬರಿಗೊಳ್ಳುವವರು ಇಂದಿಗೂ ಉಂಟು. ಆ ಮುದ್ರೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಗಾಯಕ ರಾನಿ ಜೇಮ್ಸ್ ಡಿಯೊ ಅದನ್ನು ಕಲಿತದ್ದು ತನ್ನ ಅಜ್ಜಿಯಿಂದ. ಇಟಲಿ ಮೂಲದ ಆ ವೃದ್ಧೆ ಕೆಟ್ಟ ದೃಷ್ಟಿ ತಗಲದಿರಲೆಂದು ಬೆರಳು ಮಡಿಸಿ ಹೀಗೆ ತೋರುತ್ತಿದ್ದರಂತೆ. ಮಕ್ಕಳ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1942ರ ಜುಲೈ 10ರಂದು ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್‌ನಲ್ಲಿ ಜನಿಸಿದ ಅವರ ಹುಟ್ಟುಹೆಸರು ರೊನಾಲ್ಡ್ ಜೇಮ್ಸ್ ಪದವೋನ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ. ತಂದೆಯ ಒತ್ತಾಯಕ್ಕೆ ಮಣಿದು ಐದನೆಯ ವಯಸ್ಸಿನಲ್ಲೇ ಟ್ರಂಪೆಟ್ ಹಿಡಿದ ಬಾಲಕ ಮುಂದೆ ಗಾಯನವನ್ನು ಗುರುಮುಖೇನ ಕಲಿಯಲೇ ಇಲ್ಲ. ತುತ್ತೂರಿ ಊದುತ್ತಾ ರೂಢಿಸಿಕೊಂಡ ಉಸಿರಿನ ಹಿಡಿತವೇ ಆ ಗಿಡ್ಡ ದೇಹದ ಘನ ಕಂಠಕ್ಕೆ ಬುನಾದಿಯಾಯಿತು.

ಕೀರ್ತಿ ಬೇಗನೆ ಒಲಿಯಲಿಲ್ಲ. 1957ರಿಂದ ಸಣ್ಣಪುಟ್ಟ ತಂಡಗಳಲ್ಲೇ ದಿನಗಳು ಕಳೆದವು. 1968ರ ರಸ್ತೆ ಅಪಘಾತವೊಂದು ತಂಡದ ಗಿಟಾರ್ ವಾದಕನನ್ನು ಬಲಿ ತೆಗೆದುಕೊಂಡಿತು. ಡೀಪ್ ಪರ್ಪಲ್ ತಂಡದ ರಿಚಿ ಬ್ಲ್ಯಾಕ್‌ಮೋರ್ 1975ರಲ್ಲಿ ರೇನ್‌ಬೋ ತಂಡ ಕಟ್ಟಿ ಡಿಯೊ ಅವರನ್ನು ಗಾಯಕರನ್ನಾಗಿಸಿದ ಮೇಲೆಯೇ ಅವರ ಹೆಸರು ದೂರ ಹಬ್ಬಿತು.

ನಿಜವಾದ ಪರೀಕ್ಷೆ ಎದುರಾದದ್ದು 1979ರಲ್ಲಿ. ಬ್ಲ್ಯಾಕ್ ಸಬ್ಬತ್ ತಂಡ ತನ್ನ ಗಾಯಕ ಆಜಿ ಆಸ್ಬರ್ನ್ ಅವರನ್ನು ಹೊರಹಾಕಿತ್ತು. ಆ ಸ್ಥಾನಕ್ಕೆ ಬಂದವರು ಡಿಯೊ. ವೇದಿಕೆಯಲ್ಲಿ ಆಜಿ ಎರಡು ಬೆರಳೆತ್ತಿ ಶಾಂತಿಚಿಹ್ನೆ ತೋರಿಸುವುದಕ್ಕೆ ಅಭಿಮಾನಿಗಳು ಒಗ್ಗಿಹೋಗಿದ್ದರು. ಅದನ್ನು ಅನುಕರಿಸುವುದು ಡಿಯೊಗೆ ಸರಿಕಾಣಲಿಲ್ಲ; ನೆನಪಾದದ್ದು ಅಜ್ಜಿಯ ಬೆರಳು. ಆ ಮುದ್ರೆಯನ್ನು ತಾನೇ ಸೃಷ್ಟಿಸಿದೆನೆಂದು ಅವರು ಕೊಚ್ಚಿಕೊಳ್ಳಲಿಲ್ಲ. ಅದಕ್ಕೂ ಮುನ್ನ ಇತರರು ಬಳಸಿದ್ದುದೂ ಉಂಟು. 1980ರಲ್ಲಿ ಹೊರಬಂದ 'ಹೆವನ್ ಅಂಡ್ ಹೆಲ್' ಆಲ್ಬಂ ಸೊರಗಿದ್ದ ತಂಡಕ್ಕೆ ಮರುಜೀವ ನೀಡಿತು.

1982ರಲ್ಲಿ ಅಲ್ಲಿಂದಲೂ ಹೊರಬಂದು ತಮ್ಮದೇ ಹೆಸರಿನ ತಂಡ ಕಟ್ಟಿದರು. ಮರುವರ್ಷದ 'ಹೋಲಿ ಡೈವರ್' ಜಯಭೇರಿ ಬಾರಿಸಿತು. ವ್ಯವಹಾರವನ್ನೆಲ್ಲ ನೋಡಿಕೊಂಡವರು ಪತ್ನಿ ವೆಂಡಿ. ದಾಂಪತ್ಯದಲ್ಲಿ ಬಿರುಕು ಬಿಟ್ಟು ಇಬ್ಬರೂ ದೂರವಾದ ಬಳಿಕವೂ ಅವರು ವ್ಯವಸ್ಥಾಪಕಿಯಾಗಿ ಕೊನೆಯವರೆಗೂ ಜೊತೆಗಿದ್ದರು. ಇಂಥ ನಂಟು ಸಂಗೀತರಂಗದಲ್ಲಿ ಅಪರೂಪ. ಮೊದಲ ಪತ್ನಿಯೊಡನೆ ದತ್ತು ಪಡೆದ ಮಗ ಡ್ಯಾನ್ ಪದವೋನ ಕಾದಂಬರಿಕಾರರಾದರು.

ಆಫ್ರಿಕಾದ ಕ್ಷಾಮಕ್ಕೆ ನೆರವಾಗಲು 1985ರಲ್ಲಿ ಹೆಸರಾಂತ ಗಾಯಕರು ಒಂದಾದಾಗ ಮೆಟಲ್ ಕಲಾವಿದರನ್ನು ಕೇಳಿದವರೇ ಕಡಿಮೆ. ಡಿಯೊ ಮತ್ತು ಅವರ ಸಂಗಡಿಗರು ಸುಮಾರು 40 ಕಲಾವಿದರನ್ನು ಸೇರಿಸಿ 'ಸ್ಟಾರ್ಸ್' ಗೀತೆ ಧ್ವನಿಮುದ್ರಿಸಿ ಹಣ ಕೂಡಿಸಿದರು.

2009ರ ನವೆಂಬರ್‌ನಲ್ಲಿ ಜಠರದ ಕ್ಯಾನ್ಸರ್ ಪತ್ತೆಯಾಯಿತು. 2010ರ ಮೇ 16ರಂದು ಹ್ಯೂಸ್ಟನ್‌ನಲ್ಲಿ, 67ನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಅದೇ ತಿಂಗಳು ಲಾಸ್ ಏಂಜಲೀಸ್‌ನಲ್ಲಿ ಸಾರ್ವಜನಿಕ ಶ್ರದ್ಧಾಂಜಲಿ ಏರ್ಪಟ್ಟಾಗ, ಸೈತಾನನ ಆರಾಧಕನೆಂದು ಅವರನ್ನು ಜರೆದು ಚರ್ಚ್ ಗುಂಪೊಂದು ಪ್ರತಿಭಟಿಸಿತು. ಅಭಿಮಾನಿಗಳು ಜಗಳಕ್ಕಿಳಿಯಬಾರದೆಂದು ವೆಂಡಿ ಕೇಳಿಕೊಂಡಿದ್ದರು. ಡಿಯೊ ಹೆಸರಿನಲ್ಲಿ ಅವರು ಆರಂಭಿಸಿದ ಕ್ಯಾನ್ಸರ್ ನಿಧಿ ಸಂಶೋಧನೆಗೆ ಹಣ ಒದಗಿಸುತ್ತ ಬಂದಿದೆ. ಬಾಲ್ಯದ ಊರಾದ ಕಾರ್ಟ್‌ಲ್ಯಾಂಡ್‌ನಲ್ಲಿ ಅವರ ಹೆಸರಿನ ಬೀದಿಯೊಂದಿದೆ.