ಮೆಚ್ನಿಕಾಫ್ ಮತ್ತು ಗುಲಾಬಿಯ ಮುಳ್ಳು

ಕೆಂಪು, ಬಾವು, ಬಿಸಿ, ನೋವು: ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆಯೇ ದಾಖಲಿಸಿದ್ದ. ವೈದ್ಯನಾದ ನಾನು ಇವನ್ನು ನಿತ್ಯ ಕಾಣುತ್ತೇನೆ. ಶಮನಗೊಳಿಸಲು ಮಾತ್ರೆಯನ್ನೂ ಬರೆಯುತ್ತೇನೆ. ಆದರೆ ಉರಿಯೂತವು ಮೂಲತಃ ದೇಹದ ರಕ್ಷಣಾಕಾರ್ಯವೆಂದು ಪ್ರಯೋಗದಿಂದ ತೋರಿಸಿಕೊಟ್ಟ ಇಲ್ಯಾ ಮೆಚ್ನಿಕಾಫ್ ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು.

ಅವರು ಹುಟ್ಟಿದ್ದು 1845ರಲ್ಲಿ, ಇಂದಿನ ಯುಕ್ರೇನಿನ ಖಾರ್ಕಿವ್ ಪ್ರಾಂತ್ಯದಲ್ಲಿ. ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾದರು. ಮೊದಲ ಪತ್ನಿ ಲುದ್ಮಿಲಾ 1873ರಲ್ಲಿ ಕ್ಷಯದಿಂದ ತೀರಿಕೊಂಡಾಗ ಪ್ರಾಣತ್ಯಾಗಕ್ಕೆ ಯತ್ನಿಸಿ ಬದುಕುಳಿದರು.

1882ರಲ್ಲಿ ಹುದ್ದೆ ತೊರೆದು, ಎರಡನೆಯ ಪತ್ನಿ ಓಲ್ಗಾ ಮತ್ತು ಆಕೆಯ ಒಡಹುಟ್ಟಿದವರೊಡನೆ ಇಟಲಿಯ ಮೆಸ್ಸಿನಾಕ್ಕೆ ಬಂದರು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ಇವರು ಒಬ್ಬರೇ ಕುಳಿತು, ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಅಲೆದಾಡುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹೊರಗಿನ ವಸ್ತುವೊಂದು ಒಳಹೊಕ್ಕರೆ ಈ ಕೋಶಗಳು ಅದರತ್ತ ಧಾವಿಸಬೇಕಲ್ಲವೇ ಎಂದು ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿ ಚುಚ್ಚಿದರು. ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು.

ಇದರ ಮಹತ್ವ ಸಣ್ಣದಲ್ಲ. ಬಿಳಿಯ ರಕ್ತಕಣಗಳು ನಾಳದ ಗೋಡೆಯಿಂದ ನುಸುಳಿ ಹೊರಬರುವುದನ್ನು ಜರ್ಮನಿಯ ಕೋನ್‌ಹೈಮ್ ಕಪ್ಪೆಯಲ್ಲಿ ವಿವರಿಸಿದ್ದರು. ಅವರ ಮತದಲ್ಲಿ ರಕ್ತನಾಳಕ್ಕಾದ ಹಾನಿಯೇ ಉರಿಯೂತದ ಮೂಲ. ನಕ್ಷತ್ರಮೀನಿನ ಮರಿಗಾದರೋ ರಕ್ತನಾಳವೇ ಇಲ್ಲ! ಹಾಗಾದರೆ ಮೂಲವಿರುವುದು ಕೋಶದ ಚಲನೆಯಲ್ಲಿ. ನಮ್ಮಲ್ಲಿ ನಾಳ ಹಿಗ್ಗಿ ಕೆಂಪು, ಬಿಸಿ ತೋರುತ್ತವೆ. ದ್ರವ ಸೋರಿ ಬಾವು ಬರುತ್ತದೆ. ಬಾವಿನ ಒತ್ತಡದಿಂದಲೂ ಅಲ್ಲಿ ಸ್ರವಿಸುವ ರಾಸಾಯನಿಕಗಳಿಂದಲೂ ನರ ಕೆರಳಿ ನೋವಾಗುತ್ತದೆ. ಭಕ್ಷಕಕೋಶಗಳು ಗಾಯವನ್ನು ತಲುಪಲು ತೆರೆಯುವ ದಾರಿಯಿದು. ಕುರುವಿನ ಕೀವಿನಲ್ಲಿ ಹೆಚ್ಚಿನದು ಹೀಗೆ ಬಂದು ಮಡಿದ ಬಿಳಿಕಣಗಳೇ.

ವಿರೋಧ ಬಲವಾಗಿಯೇ ಇತ್ತು. ಬಿಳಿಕಣಗಳು ರೋಗಾಣುಗಳನ್ನು ಹೊತ್ತು ಹರಡುತ್ತವೆಂದು ಅನೇಕರು ನಂಬಿದ್ದ ಕಾಲವದು. ನೀರುಚಿಗಟದ ದೇಹವನ್ನು ಹೊಕ್ಕ ಶಿಲೀಂಧ್ರವನ್ನು ಕೋಶಗಳು ನುಂಗಿದರೆ ಪ್ರಾಣಿ ಉಳಿಯುವುದನ್ನೂ, ಸೋತರೆ ಸಾಯುವುದನ್ನೂ ಅವರು 1884ರಲ್ಲಿ ಪ್ರಕಟಿಸಿದರು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. 1908ರ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡರು.

ಮುಪ್ಪನ್ನು ಮುಂದೂಡಲು ಹುಳಿಹಾಲನ್ನು ಸೂಚಿಸಿದವರೂ ಅವರೇ. (ಹೆಪ್ಪು ಕಾಪಾಡಲು ಪರದೇಶದಲ್ಲಿ ಪರದಾಡುವ ನಮಗೆ ಇದು ಹಿತವಾದ ಸುದ್ದಿ, ಪುರಾವೆ ಮಾತ್ರ ಅಷ್ಟು ಗಟ್ಟಿಯಲ್ಲ.) ವೃದ್ಧಾಪ್ಯದಲ್ಲಿ ಅದೇ ಭಕ್ಷಕಕೋಶಗಳು ಮಿದುಳಿನ ಕೋಶಗಳನ್ನು ತಿನ್ನುತ್ತವೆಂದೂ ಅವರು ವಾದಿಸಿದರು. ಆ ವಾದ ಅದೇ ರೂಪದಲ್ಲಿ ನಿಲ್ಲಲಿಲ್ಲ. ಆದರೂ ಕಾವಲಿನ ಕೋಶಗಳು ಸ್ವಂತ ದೇಹವನ್ನೇ ಕೆಡಿಸುವುದನ್ನು ಸಂಧಿವಾತದ ರೋಗಿಗಳ ಬೆರಳಗಂಟುಗಳಲ್ಲಿ ನಾನು ಕಾಣುತ್ತಲೇ ಇದ್ದೇನೆ.

1916ರಲ್ಲಿ ಹೃದಯವೈಫಲ್ಯದಿಂದ ಅವರು ತೀರಿಕೊಂಡರು. ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.